ತೆರೆಯಿಲ್ಲದ ಕಡೆ ಮಕ್ಕಳನ್ನು ಸಮುದ್ರಕ್ಕೆ ಇಳಿಸಬೇಡಿ

ರಜೆ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಕುಟುಂಬಗಳು ಗಾಡಿ ಮಾಡಿಕೊಂಡು, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಗೋಕರ್ಣ, ಮುರ್ಡೇಶ್ವರ, ಕಾರವಾರದ ಕಡೆ ಹೋಗುವುದು ವಾಡಿಕೆ. ಹಾಗೆ ಹೊರಡುವವರಿಗಾಗಿ, ಅದರಲ್ಲೂ ಮನೆಯಲ್ಲಿ ಒಬ್ಬರಿಗಾದರೂ ಈಜು ಬರುತ್ತದೆಂಬ ಧೈರ್ಯದ ಮೇಲೆ ಮಕ್ಕಳನ್ನು ನೀರಿಗಿಳಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ದೀಪಾವಳಿ ರಜೆಯಲ್ಲಿ ಉತ್ತರ ಕನ್ನಡದ ಕಡಲತೀರವೊಂದರಲ್ಲಿ ನಮ್ಮ ಕುಟುಂಬಕ್ಕೆ ಆದದ್ದು ಬೇರೆ ಯಾರಿಗೂ ಆಗಬಾರದು.

ತೀರದಲ್ಲಿ ಗಾಳಿ ತುಂಬಿದ ಟ್ಯೂಬುಗಳನ್ನು ಬಾಡಿಗೆಗೆ ಕೊಡುವವನೊಬ್ಬ, ಎರಡೂ ಬದಿಯಲ್ಲಿ ತೆರೆಗಳು ಒಡೆಯುತ್ತಿದ್ದ ನಡುವಿನ ಶಾಂತ ಜಾಗವೊಂದನ್ನು ತೋರಿಸಿ, "ಇಲ್ಲಿ ತೆರೆ ಇಲ್ಲ, ಮಕ್ಕಳಿಗೆ ಇದೇ ಒಳ್ಳೆಯ ಜಾಗ" ಎಂದು ಭರವಸೆ ಕೊಟ್ಟ. ತಂಗಿಯ ಹನ್ನೊಂದು ವರ್ಷದ ಮಗ ಅಲ್ಲಿ ಸೊಂಟಮಟ್ಟದ ನೀರಿನಲ್ಲಿ ಆಡುತ್ತಿದ್ದ. ಆತನ ಟ್ಯೂಬು ಕೈಯಿಂದ ಜಾರಿತು. ಹಿಡಿಯಲೆಂದು ನಾಲ್ಕು ಹೆಜ್ಜೆ ಇಟ್ಟವನ ಕಾಲಿಗೆ ನೆಲ ಸಿಗಲಿಲ್ಲ. ಆತ ಕೂಗಲಿಲ್ಲ, ಕೈ ಬೀಸಲಿಲ್ಲ. ತಲೆ ಹಿಂದಕ್ಕೆ ಬಾಗಿ, ಬಾಯಿ ನೀರಿನ ಮಟ್ಟದಲ್ಲಿ ತೆರೆದುಕೊಂಡು, ಎರಡೂ ಕೈಗಳಿಂದ ನೀರನ್ನು ಕೆಳಗೆ ಒತ್ತುತ್ತಿದ್ದ, ಅಷ್ಟೇ. ದೂರದಿಂದ ನೋಡಿದವರಿಗೆ ಹುಡುಗ ಆಡುತ್ತಿದ್ದಾನೆ ಎನಿಸುವಂತಿತ್ತು. ತಂಗಿಯ ಗಂಡ ನವಲಗುಂದ ಕಡೆಯ ಬಾವಿಯಲ್ಲಿ ಚಿಕ್ಕಂದಿನಿಂದ ಈಜಿದವರು. ಅವರು ಧುಮುಕಿ ಮಗನನ್ನು ಹಿಡಿದರಾದರೂ ದಡದ ಕಡೆ ಎಷ್ಟು ಕೈ ಹಾಕಿದರೂ ಇದ್ದಲ್ಲಿಯೇ ಇದ್ದರು, ಬಳಿಕ ಇನ್ನೂ ದೂರ ಸರಿಯತೊಡಗಿದರು. ಜೀವರಕ್ಷಕ ಸಿಬ್ಬಂದಿಯೊಬ್ಬರು ತೇಲುವ ಸಾಧನ ಹಿಡಿದು, ನೇರವಾಗಿ ಬಾರದೆ ಬದಿಯಿಂದ ಈಜಿ ಬಂದು ಇಬ್ಬರನ್ನೂ ದಡ ಸೇರಿಸಿದರು.

ಆ ಶಾಂತ ಜಾಗವೇ ಅಪಾಯದ ಜಾಗವಾಗಿತ್ತು. ತೆರೆಗಳು ದಡಕ್ಕೆ ತಂದು ಸುರಿದ ನೀರು ಮರಳಿ ಸಮುದ್ರಕ್ಕೆ ಹೋಗಲೇಬೇಕು. ನೀರಿನಡಿಯ ಮರಳ ದಿಬ್ಬಗಳ ನಡುವೆ ಸಂದು ಸಿಕ್ಕಲ್ಲಿ, ಎರೆ ಹೊಲದಲ್ಲಿ ನಿಂತ ಮಳೆನೀರು ಒಡ್ಡು ಒಡೆದ ಒಂದೇ ಕಡೆಯಿಂದ ನುಗ್ಗಿ ಹರಿಯುವಂತೆ, ಆ ನೀರೆಲ್ಲ ಒಟ್ಟಾಗಿ ಹೊರಗೆ ಓಡುತ್ತದೆ. ಇದನ್ನೇ ರಿಪ್ ಕರೆಂಟ್ ಎನ್ನುತ್ತಾರೆ. ಸಂದಿನಲ್ಲಿ ಆಳ ಹೆಚ್ಚಿರುವುದರಿಂದ ತೆರೆ ಅಲ್ಲಿ ಒಡೆಯುವುದಿಲ್ಲ, ನೀರು ಅಕ್ಕಪಕ್ಕಕ್ಕಿಂತ ಕಡುಬಣ್ಣವಾಗಿ ಕಾಣುತ್ತದೆ, ನೊರೆಯೂ ಕಸವೂ ಹೊರಮುಖವಾಗಿ ತೇಲಿ ಹೋಗುತ್ತಿರುತ್ತವೆ. ಸೆಳವು ಜೋರಾದಾಗ ಸೆಕೆಂಡಿಗೆ 2 ಮೀಟರಿಗೂ ಹೆಚ್ಚು ವೇಗ ಪಡೆಯಬಲ್ಲದು. ಅಷ್ಟು ವೇಗದ ಎದುರು ಪಳಗಿದ ಈಜುಗಾರರೂ ನಿಲ್ಲಲಾರರು. ಸಮುದ್ರದ ಇಳಿತದ ಹೊತ್ತಿನಲ್ಲಿ ಇದು ಸಾಮಾನ್ಯವಾಗಿ ಹೆಚ್ಚು. ಬಾವಿ, ಕೆರೆ, ಈಜುಕೊಳಗಳಲ್ಲಿ ಕಲಿತವರಿಗೆ ಇದು ಗೊತ್ತಿರುವ ನೀರಲ್ಲ. ಬಯಲುಸೀಮೆಯ ನಾವು ನಿಂತ ನೀರನ್ನು ನಂಬಿ ಬೆಳೆದವರು, ಆ ನಂಬಿಕೆ ಸಮುದ್ರದಲ್ಲಿ ನಡೆಯುವುದಿಲ್ಲ.

ಆದ್ದರಿಂದ ತೀರಕ್ಕೆ ಹೋದ ಕೂಡಲೇ ನೀರಿಗಿಳಿಯದೆ, ಸ್ವಲ್ಪ ಎತ್ತರದ ಜಾಗದಲ್ಲಿ ನಿಂತು ಹತ್ತು ನಿಮಿಷ ತೆರೆಗಳನ್ನು ನೋಡಿ. ಯಾರಾದರೂ ಸೆಳವಿಗೆ ಸಿಕ್ಕರೆ ದಡದ ಕಡೆ ನೇರವಾಗಿ ಈಜಿ ದಣಿಯಬಾರದು. ಸೆಳವು ಆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅಂಗಾತ ತೇಲುತ್ತ, ಕೈ ಎತ್ತಿ ಸಹಾಯ ಕೇಳುತ್ತ, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ, ತೆರೆ ಒಡೆಯುವ ಕಡೆ ತಲುಪಿದ ಮೇಲೆ ದಡದತ್ತ ಓರೆಯಾಗಿ ಬರಬೇಕು. ದಡದಲ್ಲಿರುವವರು ಹಿಂದೆ ಧುಮುಕದೆ ಜೀವರಕ್ಷಕರನ್ನು ಕರೆಯಬೇಕು, 112ಕ್ಕೆ ಫೋನ್ ಮಾಡಬೇಕು, ಹಗ್ಗವೋ ಖಾಲಿ ನೀರಿನ ಕ್ಯಾನೋ ತೇಲುವಂಥದ್ದು ಏನಿದ್ದರೂ ಎಸೆಯಬೇಕು. ತಂದೆಯ ಮನಸ್ಸು ಕೇಳುವುದಿಲ್ಲ ಎಂಬುದು ನನಗೆ ಗೊತ್ತು, ಕಣ್ಣಾರೆ ಕಂಡಿದ್ದೇನೆ. ಆದರೂ ಮಗುವಿನ ಜೊತೆ ದೊಡ್ಡವರೂ ಹೋಗುವುದು ಹೀಗೆಯೇ.

2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ಸಮುದ್ರಪಾಲಾದದ್ದನ್ನು ಎಲ್ಲರೂ ಓದಿದ್ದೇವೆ. ಅದು ಮಳೆಗಾಲವಲ್ಲ. ಮಳೆಗಾಲ ಮುಗಿಯಿತು, ಇನ್ನು ಸಮುದ್ರ ಸುಮ್ಮನಿರುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಜೀವರಕ್ಷಕರು ಇಲ್ಲದ ತೀರದಲ್ಲಿ, ಅವರು ಕೆಲಸ ಮುಗಿಸಿ ಹೋದ ಸಂಜೆಯ ಹೊತ್ತಿನಲ್ಲಿ, ಕೆಂಪು ಬಾವುಟ ಹಾರುತ್ತಿರುವಾಗ ಮಕ್ಕಳ ಪಾದವೂ ನೀರು ಮುಟ್ಟದಿರಲಿ. ಟ್ಯೂಬು ಆಟಿಕೆಯೇ ಹೊರತು ರಕ್ಷಣೆಯ ಸಾಧನವಲ್ಲ. ಬೆಳಗಿನ ಹೊತ್ತು ನೆಲದಿಂದ ಬೀಸುವ ಗಾಳಿ ಅದನ್ನು ಹೊರಗೆ ತಳ್ಳುತ್ತದೆ. ಸಣ್ಣ ಮಕ್ಕಳಿದ್ದರೆ ಕೈಗೆಟಕುವಷ್ಟು ಹತ್ತಿರದಲ್ಲಿ ಒಬ್ಬ ದೊಡ್ಡವರು ಮೊಬೈಲ್ ಬದಿಗಿಟ್ಟು ನಿಲ್ಲಬೇಕು, ಮತ್ತು ಆ ಹೊಣೆ ಯಾರದೆಂದು ಹೆಸರು ಹಿಡಿದು ಹೇಳಿರಬೇಕು. ಹತ್ತು ಜನ ಇದ್ದಲ್ಲಿ ಎಲ್ಲರೂ ನೋಡುತ್ತಿದ್ದಾರೆಂದು ಯಾರೂ ನೋಡುವುದಿಲ್ಲ.

ನೀರಿನಿಂದ ಎತ್ತಿದ ವ್ಯಕ್ತಿಯನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತುವುದು ತಪ್ಪು. ಉಸಿರಾಟ ನಿಂತಿದ್ದರೆ ಬಲ್ಲವರು ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಬಳಿಕ ನಿಮಿಷಕ್ಕೆ 100ರಿಂದ 120ರ ಲೆಕ್ಕದಲ್ಲಿ ಎದೆಯ ನಡುವೆ ಒತ್ತುತ್ತ, ನಡುನಡುವೆ ಮತ್ತೆ ಉಸಿರು ಕೊಡಬೇಕು. ನಮ್ಮ ಹುಡುಗ ದಡಕ್ಕೆ ಬಂದ ಮೇಲೆ ಮಾತನಾಡಿದ, ಎಳನೀರು ಕುಡಿದ. ಒಂದು ತಾಸಿನ ನಂತರ ಕೆಮ್ಮು ನಿಲ್ಲದೆ ಏದುಸಿರು ಶುರುವಾಯಿತು. ಹತ್ತಿರದ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಮರುದಿನದವರೆಗೆ ಇರಿಸಿಕೊಂಡರು. ನೀರು ಕುಡಿದ ಮಗುವಿಗೆ ಕೆಮ್ಮು, ಉಬ್ಬಸ, ಮಂಪರು ಕಂಡರೆ ಹುಬ್ಬಳ್ಳಿಗೆ ಹೋಗಿ ತೋರಿಸಿದರಾಯಿತೆಂದು ಘಟ್ಟ ಹತ್ತಬೇಡಿ. ಅದು ಮೂರು ತಾಸಿನ ದಾರಿ. ತೀರಕ್ಕೆ ಹತ್ತಿರದ ಆಸ್ಪತ್ರೆ ಯಾವುದೆಂದು ಊರು ಬಿಡುವ ಮುನ್ನವೇ ವಿಚಾರಿಸಿಟ್ಟುಕೊಳ್ಳಿ.