ಗಿಟಾರ್ ವಾಪಸ್ ಬಂತು, ಒಳಗಿನ ಪಿಕಪ್ ಬರಲಿಲ್ಲ

ಮಡಿಕೇರಿಯ ಆಗಸ್ಟ್ ಹೇಗಿರುತ್ತೆ ಅಂತ ಗೊತ್ತಲ್ಲ. ಮಳೆ ಹಿಡಿದರೆ ಬಿಡುವುದಿಲ್ಲ, ಕರೆಂಟ್ ಹೋದರೆ ಯಾವಾಗ ಬರುತ್ತೋ ಆ ದೇವರಿಗೇ ಗೊತ್ತು. ನಾನು ಮೋಸ ಹೋಗಿದ್ದಕ್ಕೆ ಆ ಕರೆಂಟೂ ಒಂದು ಕಾರಣ. ಉಳಿದದ್ದೆಲ್ಲ ನನ್ನ ದಡ್ಡತನ.

ನನ್ನದು ಸ್ಕ್ವಾಯರ್ ಸ್ಟ್ರಾಟ್ ಅನ್ನುವ ಎಲೆಕ್ಟ್ರಿಕ್ ಗಿಟಾರ್. ಸೆಕೆಂಡ್ ಹ್ಯಾಂಡಿನಲ್ಲಿ 12 ಸಾವಿರಕ್ಕೆ ತಗೊಂಡಿದ್ದೆ. ಸ್ಕ್ವಾಯರ್ ಅಂದರೆ ಫೆಂಡರ್‌ನವರದ್ದೇ ಕಡಿಮೆ ಬೆಲೆಯ ಗಿಟಾರ್, 1982ರಿಂದ ಬರುತ್ತಿದೆ. ಪಿಕಪ್ ಅಂದರೆ ಗಿಟಾರ್ ತಂತಿಯ ನಡುಕ ಹಿಡಿದು ಆಂಪ್‌ಗೆ, ಅಂದರೆ ಸದ್ದು ಜೋರು ಮಾಡುವ ಡಬ್ಬಿಗೆ, ಕಳಿಸುವ ಭಾಗ. ಬ್ರಿಡ್ಜ್ (ತಂತಿಗಳ ಬುಡ) ಹತ್ತಿರದ ಸಣ್ಣ ಪಿಕಪ್ ತೆಗೆಸಿ ಡಿಮಾರ್ಜಿಯೊ ಕಂಪನಿಯ ಸೂಪರ್ ಡಿಸ್ಟಾರ್ಷನ್ ಪಿಕಪ್ ಹಾಕಿಸಿದೆ. ಕಪ್ಪು ಬಣ್ಣದ್ದು. ಅದಕ್ಕೆ ಹೊಂದುವ ಪಿಕ್‌ಗಾರ್ಡ್ (ಗಿಟಾರ್ ಮುಂದಿನ ಪ್ಲಾಸ್ಟಿಕ್ ಹಲಗೆ), ಜೊತೆಗೆ ವಾಲ್ಯೂಮ್ ನಾಬ್ ಕೆಳಗೆ ಕೂರುವ 500 ಕೆ ಪುಷ್-ಪುಲ್ ಪಾಟ್. ವಾಲ್ಯೂಮ್ ನಾಬ್ ಮೇಲಕ್ಕೆ ಎಳೆದರೆ ಪಿಕಪ್‌ನ ಎರಡು ಕಾಯಿಲ್‌ಗಳಲ್ಲಿ ಒಂದೇ ಕೆಲಸ ಮಾಡುತ್ತದೆ, ದಪ್ಪ ಸದ್ದು ತೆಳ್ಳಗಾಗುತ್ತದೆ. ಈ ನಾಬ್ ನೆನಪಿನಲ್ಲಿರಲಿ, ಮುಂದೆ ಬರುತ್ತದೆ.

ಇದಕ್ಕೆಲ್ಲ ಹತ್ತಿರ ಹತ್ತಿರ 10 ಸಾವಿರ ಸುರಿದಿದ್ದೆ. ಹಾಗಾದರೆ 22ಕ್ಕೆ ಮಾರಬಹುದು ಅಂತ ನನ್ನ ಲೆಕ್ಕ. ಕೇಳಿದವರೆಲ್ಲ ನಕ್ಕರು. ನಮ್ಮ ಇಷ್ಟಕ್ಕೆ ಹಾಕಿಸಿಕೊಂಡದ್ದಕ್ಕೆ ಬೇರೆಯವರು ಯಾಕೆ ದುಡ್ಡು ಕೊಡುತ್ತಾರೆ? "ಒರಿಜಿನಲ್ ಪಾರ್ಟ್ಸ್ ಇದೆಯಾ ಅಣ್ಣ?" ಅಂತ ಕೇಳಿದವರೇ ಜಾಸ್ತಿ. ಅದನ್ನೆಲ್ಲ ಪಕ್ಕದ ಮನೆ ಹುಡುಗನಿಗೆ ಸುಮ್ನೆ ಕೊಟ್ಟುಬಿಟ್ಟಿದ್ದೆ. ಹೊಸದು ಹಾಕಿಸುವವರು ಹಳೆಯದನ್ನು ಒಂದು ಡಬ್ಬಿಯಲ್ಲಿ ಹಾಕಿಡಿ. ಮಾರುವಾಗ ಬೇಕಾಗುವುದು ಅದೇ.

ಮೊದಲು ಬಂದದ್ದು ಫೋನು. "ಆರ್ಮಿಯಲ್ಲಿದ್ದೇನೆ, ಪೋಸ್ಟಿಂಗ್ ಆಗಿದೆ, ಗಿಟಾರ್ ನೋಡುವುದೇನೂ ಬೇಡ, ಈಗಲೇ ದುಡ್ಡು ಹಾಕುತ್ತೇನೆ" ಅಂದ. ಕೊಡಗಿನವರಿಗೆ ಆರ್ಮಿ ಅಂದರೆ ಸಾಕು, ಅರ್ಧ ನಂಬಿಬಿಡುತ್ತೇವೆ. ಮನೆಗೊಬ್ಬರು ಇದ್ದಾರಲ್ಲ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ದುಡ್ಡು ಬರುತ್ತೆ ಅಂದ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಾಗುವುದೇ ಇಲ್ಲ, ಪಿನ್ ಒತ್ತಿದರೆ ನಮ್ಮ ದುಡ್ಡೇ ಹೋಗುವುದು. ಅಷ್ಟು ಗೊತ್ತಿತ್ತು, ಫೋನ್ ಇಟ್ಟೆ. ನಾನು ಬಹಳ ಬುದ್ಧಿವಂತ ಅಂತ ಬೀಗಿದ್ದು ಆವಾಗಲೇ. ಮೋಸ ಮಾಡುವವನು ಫೋನಿನಲ್ಲೇ ಇರುತ್ತಾನೆ, ಮನೆಗೆ ಬಂದು ಕಾಫಿ ಕುಡಿಯುವವನು ಒಳ್ಳೆಯವನು ಅಂದುಕೊಂಡೆ.

ಹಾಗೆ ಮನೆಗೇ ಬಂದವನು ಇನ್ನೊಬ್ಬ, ಮೈಸೂರು ಬಸ್ಸಿನಲ್ಲಿ. ಇಪ್ಪತ್ತೈದು ವರ್ಷ ಇರಬಹುದು, ಮಾತಿಗೊಮ್ಮೆ ಅಣ್ಣ. ಅಮ್ಮ ಕೊಟ್ಟ ಅಕ್ಕಿರೊಟ್ಟಿ ಎರಡು ತಿಂದ. ಎಕ್ಸ್‌ಚೇಂಜ್ ಅಂತ ಮಾತಾಗಿತ್ತು: ಅವನ ಅಕೌಸ್ಟಿಕ್ (ಆಂಪ್ ಬೇಡದ ಗಿಟಾರ್), ಮೇಲೆ 6 ಸಾವಿರ. ಹೋಂಸ್ಟೇಗಳಲ್ಲಿ ಸಂಜೆ ಬೆಂಕಿ ಹಾಕಿ ಹಾಡಿಸುತ್ತಾರಲ್ಲ, ಅಲ್ಲಿ ನುಡಿಸುವುದಕ್ಕೆ ನನಗೂ ಅಕೌಸ್ಟಿಕ್ಕೇ ಬೇಕಿತ್ತು. ಆದರೆ ಅವತ್ತು ಬೆಳಗ್ಗೆಯಿಂದ ಕರೆಂಟಿಲ್ಲ, ಆಂಪ್ ಹಾಕುವ ಹಾಗಿಲ್ಲ. "ಅಣ್ಣ, ನನ್ನದು ನಿಮ್ಮ ಹತ್ತಿರ ಇರಲಿ. ನಿಮ್ಮದನ್ನು ಮೈಸೂರಲ್ಲಿ ಹಾಕಿ ನೋಡುತ್ತೇನೆ. ಭಾನುವಾರ ದುಡ್ಡು ತರುತ್ತೇನೆ" ಅಂದ. ಅವನ ಗಿಟಾರೇ ನನ್ನ ಮನೆಯಲ್ಲಿದೆ, ಇನ್ನೇನು ಭಯ? ಕೊಟ್ಟು ಕಳಿಸಿದೆ.

ಭಾನುವಾರ ಸರಿಯಾಗಿ ಬಂದ. ದುಡ್ಡಲ್ಲ, ಗಿಟಾರ್ ವಾಪಸ್. "ನೆಕ್ ಬಾಗಿದೆ ಅಣ್ಣ, ನನಗೆ ಬೇಡ." ಮಳೆಗಾಲದಲ್ಲಿ ಥಂಡಿ ಹಿಡಿದು ಮರ ಸ್ವಲ್ಪ ಆಚೀಚೆ ಆಗುತ್ತದೆ, ನೆಕ್ ಒಳಗಿನ ಸರಳು, ಟ್ರಸ್ ರಾಡ್, ಒಂಚೂರು ತಿರುಗಿಸಿದರೆ ಸರಿಹೋಗುವ ಕೆಲಸ ಅದು. ಹೇಳಿದೆ, ಕೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂದ. ನಾನು ಆಂಪ್‌ಗೆ ಹಾಕಿ ಎರಡು ಕಾರ್ಡ್ ನುಡಿಸಿದೆ, ಸದ್ದು ಬಂತು. ಅವನ ಅಕೌಸ್ಟಿಕ್ ಕೊಟ್ಟೆ, ಹೋದ. "ಪಾಪ, ಮಳೆಯಲ್ಲಿ ಇಷ್ಟು ದೂರ ಬಂದು ಕೊಟ್ಟು ಹೋದ" ಅಂದರು ಅಮ್ಮ.

ವಾರದ ಮೇಲೆ ನುಡಿಸುವಾಗ ನಾಬ್ ಎಳೆದೆ. ಸದ್ದು ಬದಲಾಗಲಿಲ್ಲ. ಒಳಗೆ ತಂತಿ ಬಿಟ್ಟಿರಬೇಕು ಅಂತ ಪಿಕ್‌ಗಾರ್ಡ್ ಬಿಚ್ಚಿದೆ. ನನ್ನ ಪಿಕಪ್‌ನಿಂದ ಕೆಂಪು, ಕಪ್ಪು, ಬಿಳಿ, ಹಸಿರು ಅಂತ ನಾಲ್ಕು ತಂತಿ ಬರಬೇಕು, ಜೊತೆಗೊಂದು ಬರಿ ತಂತಿ. ಇದರಲ್ಲಿ ಇದ್ದದ್ದು ಎರಡೇ. ಮೇಲಿಂದ ನೋಡಿದರೆ ಅದೇ ಕಪ್ಪು, ಎರಡೂ ಸಾಲಿನಲ್ಲಿ ಅದೇ ಆಲನ್ ಕೀ ಸ್ಕ್ರೂ. ಡಿಮಾರ್ಜಿಯೊ ಪಿಕಪ್‌ನ ಮೇಲ್ಭಾಗದಲ್ಲಿ ಹೆಸರು ಬರೆದಿರುವುದಿಲ್ಲ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ವಿದ್ಯುತ್ ತಡೆ ಅಳೆಯುವ ಮಲ್ಟಿಮೀಟರ್ ಹಿಡಿದೆ. ಸೂಪರ್ ಡಿಸ್ಟಾರ್ಷನ್ ಸುಮಾರು 13.7 ಕಿಲೋ ಓಮ್ ತೋರಿಸಬೇಕು. ಇದು 8ರ ಹತ್ತಿರ ನಿಂತಿತು.

ಅವನ ನಂಬರ್ ಆಗಲೇ ಸ್ವಿಚ್ ಆಫ್. ಸ್ಟೇಷನ್ನಿಗೆ ಹೋದೆ.

"ಏನು ಕಳುವಾಗಿದ್ದು?"

"ಪಿಕಪ್ ಸಾರ್."

"ಗಾಡಿ ನಂಬರ್ ಹೇಳಿ."

ಗಿಟಾರ್‌ದು ಅಂತ ಬಿಡಿಸಿ ಹೇಳುವಷ್ಟರಲ್ಲಿ ನನಗೇ ನಾಚಿಕೆ ಆಯಿತು. "ಗಿಟಾರ್ ಕೈಯಲ್ಲೇ ಇದೆಯಲ್ಲ?" ಅಂದರು. ಬಿಲ್ ಕೇಳಿದರು, ಇಲ್ಲ. ಒಳಗಿನ ಫೋಟೋ ಕೇಳಿದರು, ಅದೂ ಇಲ್ಲ. ಅವರನ್ನು ಬೈದು ಪ್ರಯೋಜನ ಏನು, ತೋರಿಸುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಹಾಗಾಗಿ ಮಾಡಿಫೈ ಮಾಡಿದ ಗಿಟಾರ್ ಮಾರುವವರು ಮೊದಲು ಪಿಕ್‌ಗಾರ್ಡ್ ಬಿಚ್ಚಿ ಫೋಟೋ ತೆಗೆಯಿರಿ. ಪಿಕಪ್‌ನ ತಳ, ತಂತಿಗಳು, ಬೆಸುಗೆ ಎಲ್ಲ ಕಾಣಬೇಕು. ಪ್ರತಿ ಪಿಕಪ್‌ನ ರೀಡಿಂಗ್ ಬರೆದಿಡಿ. ಅದಕ್ಕೆ ಬಿಚ್ಚುವುದೂ ಬೇಡ. ಗಿಟಾರ್‌ಗೆ ಕೇಬಲ್ ಹಾಕಿ, ವಾಲ್ಯೂಮ್ ಪೂರ್ತಿ ಇಟ್ಟು, ಕೇಬಲ್‌ನ ಇನ್ನೊಂದು ತುದಿಯ ಮೂತಿಗೂ ಬುಡಕ್ಕೂ ಮೀಟರ್‌ನ ಕಡ್ಡಿ ಮುಟ್ಟಿಸಿದರೆ ಆಯಿತು. ಪಾಟ್ ಮಧ್ಯ ಇರುವುದರಿಂದ ಸ್ವಲ್ಪ ಕಡಿಮೆ ತೋರಿಸುತ್ತೆ, ನನ್ನದಾಗಿದ್ದರೆ 13.3ರ ಹತ್ತಿರ. ಪಿಕಪ್ ಒಳ್ಳೆಯದೋ ಕೆಟ್ಟದ್ದೋ ಅಂತ ಇದರಿಂದ ಗೊತ್ತಾಗುವುದಿಲ್ಲ, ಆದರೆ ಕೊಟ್ಟದ್ದೇ ವಾಪಸ್ ಬಂತಾ ಅಂತ ಗೊತ್ತಾಗುತ್ತೆ. ಕರೆಂಟಿಲ್ಲದಿದ್ದರೂ ಮೀಟರ್ ನಡೆಯುತ್ತೆ, ಅದು ಬ್ಯಾಟರಿಯದ್ದು. ಅವತ್ತು ಹೊಳೆಯಲಿಲ್ಲ. ಎಷ್ಟೇ ಅಣ್ಣ ಅಣ್ಣ ಅಂದರೂ ಗಿಟಾರ್ ಮನೆಯ ಹೊಸ್ತಿಲು ದಾಟಿಸಬೇಡಿ. ಕರೆಂಟ್ ಬರುವ ತನಕ ಇನ್ನೊಂದು ಕಾಫಿ ಕೊಡಿ.

ಮೈಸೂರು ಕಡೆ ಯಾರಾದರೂ ಕಪ್ಪು ಸೂಪರ್ ಡಿಸ್ಟಾರ್ಷನ್ ಮಾರುತ್ತಿದ್ದರೆ ತಿರುಗಿಸಿ ನೋಡಿ. ನನ್ನದರಲ್ಲಿ ಹಸಿರು ತಂತಿ ಗಿಡ್ಡ ಆಗಿ, ಒಂದು ಇಂಚಿನಷ್ಟು ಬೇರೆ ತಂತಿ ಸೇರಿಸಿ ಕೆಂಪು ಟೇಪ್ ಸುತ್ತಿದ್ದೆ. ಒಂದು ಸ್ಕ್ರೂವಿನ ತಲೆ ಸವೆದು ಆಲನ್ ಕೀ ಕೂರುವುದಿಲ್ಲ. ಅಂಥದ್ದು ಕಂಡರೆ ಎಲ್ಲಿಂದ ತಂದದ್ದು ಅಂತ ಒಂದು ಮಾತು ಕೇಳಿ, ನನಗೂ ತಿಳಿಸಿ.