ಒಂದನ್ನೇ ಕೊಡುವುದಿಲ್ಲ ಎಂದು ವಾಪಸು ಕಳಿಸಿದರು

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಚೀಲದ ಮೂಲೆ ಕಡಿದದ್ದು ಕಂಡರೆ ಬೋನು ಇಡಿಸುವುದೂ ನನ್ನ ಕೆಲಸವೇ. ನವೆಂಬರಿನಲ್ಲಿ ಮಗಳಿಗಾಗಿ ಸಾಕು ಇಲಿ ದತ್ತು ತರುತ್ತೇನೆ ಎಂದಾಗ ಅವ್ವ, ‘ಮನ್ಯಾಗ ಇರೋವು ಸಾಲಂಗಿಲ್ಲೇನಪಾ?’ ಅಂದಳು. ಈಗ ಆರು ತಿಂಗಳಾಯಿತು. ಊರ ಹೊರಗಿನ ಆ ಪ್ರಾಣಿ ಆಶ್ರಯದ ಬಗ್ಗೆ ಇದ್ದದ್ದು ಇದ್ದಂತೆ ಹೇಳುತ್ತೇನೆ.

ಮೊದಲ ಸಲ ಬರಿಗೈಯಲ್ಲಿ ಬಂದೆವು. ‘ಒಂದೇ ಕೊಡಂಗಿಲ್ರಿ ಅಣ್ಣಾರ, ಒಂಟಿ ಇದ್ರ ಕೊರಗ್ತಾವ. ಮನ್ಯಾಗ ಎಲ್ಲಾರದೂ ಒಪ್ಪಿಗಿ ಅದೇನ್ ಕೇಳ್ಕೊಂಡ್ ಬರ್ರಿ’ ಎಂದರು ಅಲ್ಲಿಯ ಅಕ್ಕ. ಆಗ ಸಿಟ್ಟು ಬಂದಿತ್ತು. ಆ ಜಾಗದ ಮೇಲೆ ನಂಬಿಕೆ ಹುಟ್ಟಿದ್ದೂ ಅದೇ ಮಾತಿನಿಂದ.

ಎರಡನೇ ಸಲ ಹೋಗಿ ಎರಡು ಹೆಣ್ಣು ತಂದೆವು. ಅಲ್ಲಿಗೆ ಈ ಇಲಿಗಳು ಬಂದ ಕತೆ ಹೀಗೆ: ಯಾರೋ ಅಂಗಡಿಯಿಂದ ಜೋಡಿ ಒಯ್ದು, ಅವು ಹದಿನಾಲ್ಕಾದ ಮೇಲೆ ಪೆಟ್ಟಿಗೆಯಲ್ಲಿ ತುಂಬಿ ಗೇಟಿನ ಹತ್ತಿರ ಇಟ್ಟು ಹೋಗಿದ್ದರಂತೆ. ಐದಾರು ವಾರಕ್ಕೇ ಇಲಿ ಮರಿ ಹಾಕುವ ವಯಸ್ಸಿಗೆ ಬರುತ್ತದೆ, ಗಬ್ಬ ಮೂರು ವಾರ ಚಿಲ್ಲರೆ. ಅದಕ್ಕೇ ಇವರು ಗಂಡು ಹೆಣ್ಣು ಬೇರೆ ಮಾಡಿ, ತಿಂಗಳು ಕಳೆಯುವ ತನಕ ಹೆಣ್ಣನ್ನು ಯಾರಿಗೂ ಕೊಡುವುದಿಲ್ಲ. ಆಯುಷ್ಯ ಎರಡರಿಂದ ಮೂರು ವರ್ಷ ಅಷ್ಟೇ ಎಂಬುದನ್ನು ನನಗಲ್ಲ, ಮಗಳನ್ನು ಎದುರಿಗೆ ಕೂರಿಸಿಕೊಂಡು ಅವಳಿಗೇ ಹೇಳಿದರು. ಬಾಲ ಹಿಡಿದು ಎತ್ತಬಾರದು, ಎರಡೂ ಅಂಗೈ ಕೂಡಿಸಿ ಬೊಗಸೆಯಲ್ಲಿ ಎತ್ತಬೇಕು ಎಂದು ಕಲಿಸಿದರು. ದುಡ್ಡು ಕೇಳಲಿಲ್ಲ, ನಾನೇ ಕಾಳಿಗೆಂದು 300 ರೂಪಾಯಿ ಕೊಟ್ಟೆ.

ಒಂದರ ಹೆಸರು ಶೇಂಗಾ, ತಲೆಯಿಂದ ಹೆಗಲತನಕ ಕರಿ, ಉಳಿದದ್ದು ಬಿಳಿ. ಇನ್ನೊಂದು ಬೆಲ್ಲ, ಪೂರ್ತಿ ಬಿಳಿ, ಕೆಂಪು ಕಣ್ಣು. ಕೆಂಗಣ್ಣಿನವಕ್ಕೆ ದೃಷ್ಟಿ ಮಂದ. ಜಿಗಿಯುವ ಮುಂಚೆ ಬೆಲ್ಲ ದೂರ ಅಳೆಯಲು ತಲೆಯನ್ನು ಆಚೆ ಈಚೆ ಮೆಲ್ಲಗೆ ತೂಗುತ್ತಾಳೆ. ಬೇಯಿಸಿದ ಜೋಳದ ಒಂದೇ ಕಾಳನ್ನು ಮುಂಗೈ ಎರಡರಲ್ಲೂ ಹಿಡಿದು, ತಿರುಗಿಸಿ ತಿರುಗಿಸಿ ತಿನ್ನುತ್ತಾಳೆ. ಮಗಳ ಮಡಿಲಲ್ಲಿ ಹಾಯಾಗಿದ್ದರೆ ಹಲ್ಲು ಕಟಕಟ ಮಸೆಯುತ್ತಾಳೆ, ಆಗ ಕಣ್ಣುಗುಡ್ಡೆಗಳೂ ಅದುರುತ್ತವೆ. ಅದನ್ನು ನೋಡಲು ನಾನು ಮಿಲ್ಲಿನಿಂದ ಬೇಗ ಬಂದ ದಿನಗಳಿವೆ.

ಕೊರತೆಗಳೂ ಇವೆ. ಎರವಲು ಕೊಟ್ಟ ಪಂಜರದ ತಳ ಬರೀ ತಂತಿ. ಮೂರು ವಾರಕ್ಕೆ ಶೇಂಗಾಳ ಹಿಂಗಾಲಿನ ಅಂಗಾಲು ಕೆಂಪಾಗಿ ಊದಿತು. ಹಳೆಯ ಧೋತರ ಮಡಚಿ ಹಾಸಿದ ಮೇಲೆ ಇಳಿಯಿತು. ಇನ್ನೊಂದು ಬೆಳಿಗ್ಗೆ ಬೆಲ್ಲಳ ಕಣ್ಣಿನ ಸುತ್ತ ಕೆಂಪು ಕಂಡು, ರಕ್ತವೆಂದು ಮಗಳು ಅಳತೊಡಗಿದಳು. ಫೋನ್ ಮಾಡಿದರೆ ಅಕ್ಕ ಸಮಾಧಾನವಾಗಿ ಹೇಳಿದರು: ಅದು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಬಣ್ಣದ ನೀರು. ದಣಿವಾದರೆ, ಹೆದರಿದರೆ ಬರುತ್ತದೆ. ಅದರ ಜೊತೆ ಉಸಿರಾಟದಲ್ಲಿ ಕರಕರ ಸದ್ದು ಕೇಳಿದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಒಯ್ಯಬೇಕು. ಇಲಿಗಳ ಜೊತೆ ಕೊಟ್ಟ ಸೂಚನೆಗಳ ಹಾಳೆಯಲ್ಲೇ ಇದನ್ನು ಬರೆದಿದ್ದರೆ ಆ ಹುಡುಗಿ ಸಾಲಿಗೆ ಅಳುತ್ತ ಹೋಗುತ್ತಿರಲಿಲ್ಲ.

ಬಿಸಿಲಿನ ಮಾತೂ ಹಾಳೆಯಲ್ಲಿಲ್ಲ. ನಮ್ಮ ಊರಲ್ಲಿ ಇದು ದೊಡ್ಡ ತಪ್ಪು. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಇಲಿ ಬೆವರಿ ತಣ್ಣಗಾಗುವ ಪ್ರಾಣಿಯಲ್ಲ, ಮೈಯ ಕಾವನ್ನು ಬಾಲದಿಂದ ಬಿಡುತ್ತದೆ. ಕೂಲರಿನ ಗಾಳಿ ನೇರ ಬಡಿಯದಂತೆ ಪಂಜರ ಸರಿಸಿ, ಒಳಗೆ ಒಂದು ತುಂಡು ಶಹಾಬಾದ್ ಕಲ್ಲನ್ನು ನೀರು ಚಿಮುಕಿಸಿ ಇಟ್ಟಿದ್ದೇನೆ. ಮಧ್ಯಾಹ್ನ ಎರಡೂ ಅದಕ್ಕೆ ಹೊಟ್ಟೆ ಆನಿಸಿ, ಬಾಲ ಚಾಚಿ ಮಲಗುತ್ತವೆ.

ಹೋದ ಭಾನುವಾರ ಇದನ್ನೆಲ್ಲ ಹಾಳೆಗೆ ಸೇರಿಸಿರಿ ಎಂದು ಹೇಳಲು ಹೋಗಿದ್ದೆ, ಬರೆದುಕೊಂಡರು. ಆ ಪೆಟ್ಟಿಗೆಯ ಮೂರು ಗಂಡುಗಳು ಇನ್ನೂ ಅಲ್ಲೇ ಇವೆ. ಕೂಡಿಯೇ ಬೆಳೆದವು; ತರುವವರು ಮೂರನ್ನೂ ತನ್ನಿರಿ.