ಸಿಲಿಕೋನ್ ಮಿಲ್ಕ್ ಕಲೆಕ್ಟರ್: ಎದೆಹಾಲು ಹೆಚ್ಚಿರುವವರಿಗಾಗಿ ಏಳು ತಿಂಗಳ ಬಳಕೆಯ ವಿಮರ್ಶೆ

ಎದೆಹಾಲು ತೆಗೆಯುವ ಒಂದೇ ತುಂಡಿನ ಸಿಲಿಕೋನ್ ಸಾಧನ, 100 ಮಿ.ಲೀ. ಅಳತೆ. ವಾಲ್ವ್ ಇಲ್ಲ, ಬ್ಯಾಟರಿ ಇಲ್ಲ, ಮೋಟಾರಿನ ಸದ್ದೂ ಇಲ್ಲ. ಕರೆಂಟ್ ಹೋದರೆ ಚಿಂತೆಯಿಲ್ಲ. ಅದರ ಕೆಳಗಿನ ಉಬ್ಬನ್ನು ಅದುಮಿ ಎದೆಗೆ ಅಂಟಿಸಿದರೆ ತಾನೇ ಹಿಡಿದುಕೊಂಡು ಹಾಲು ಎಳೆಯುತ್ತದೆ. ಏಳು ತಿಂಗಳ ಬಳಕೆಯ ನಂತರದ ತೀರ್ಪು ಇಷ್ಟು: ಮಗುವಿಗೆ ಬೇಕಾದ್ದಕ್ಕಿಂತ ಹೆಚ್ಚು ಹಾಲು ಬರುವವರಿಗೆ ಇದು ಎರಡು ನಿಮಿಷದ ಸಾಧನ. ಇಪ್ಪತ್ತು ನಿಮಿಷ ಹಾಕಿಕೊಂಡರೆ ತೊಂದರೆಯನ್ನು ಇದೇ ಬೆಳೆಸುತ್ತದೆ.

ಕಾರಣ ಸರಳ. ಎದೆಯಿಂದ ಎಷ್ಟು ಹಾಲು ಹೊರಹೋಯಿತೋ ಅದಕ್ಕೆ ತಕ್ಕಂತೆ ಮುಂದಿನ ಹಾಲು ತಯಾರಾಗುತ್ತದೆ. ಹಾಲು ತುಂಬಿ ನಿಂತರೆ ತಯಾರಿ ತಗ್ಗುತ್ತದೆ. ಮಗು ಒಂದು ಕಡೆ ಕುಡಿಯುವಾಗ ಇನ್ನೊಂದು ಕಡೆಗೆ ಇದನ್ನು ಅಂಟಿಸಿ, ಸೋರುವ ಹಾಲು ಹಾಳಾಗದಿರಲಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಲೆಕ್ಕ ಹಾಕಿ ನೋಡಿ. ದಿನಕ್ಕೆ ಎಂಟು ಸಲ, ಸಲಕ್ಕೆ 50 ಮಿ.ಲೀ. ಎಂದರೆ 400 ಮಿ.ಲೀ. ಒಂದರಿಂದ ಆರು ತಿಂಗಳ ಮಗು ಇಡೀ ದಿನಕ್ಕೆ ಕುಡಿಯುವುದೇ ಸುಮಾರು 750 ಮಿ.ಲೀ. ಅಂದರೆ ಒಂದೂವರೆ ಮಗುವಿಗೆ ಹಾಲು ಬೇಕು ಎಂದು ದೇಹಕ್ಕೆ ದಿನವೂ ಹೇಳಿದಂತಾಯಿತು. ಇದು ಬರೀ ಸೋರುವ ಹಾಲನ್ನು ಹಿಡಿಯುವ ಬಟ್ಟಲಲ್ಲ, ಬಿಡದೆ ಎಳೆಯುವ ಪಂಪು. ಹಾಲು ಕಡಿಮೆ ಇರುವವರಿಗೆ ಅನುಕೂಲವಾಗುವ ಗುಣವೇ ಇಲ್ಲಿ ಮುಳುವಾಗುತ್ತದೆ.

ಹಾಗಾದರೆ ಇದರ ಉಪಯೋಗ ಎಲ್ಲಿ? ಹಾಲು ತೊರೆ ಬಿಟ್ಟ ಮೊದಲ ರಭಸಕ್ಕೆ. ಮಗು ಬಾಯಿಟ್ಟ ಅರೆ ನಿಮಿಷದಲ್ಲೇ ಕೆಮ್ಮುವುದು, ಗುಟುಕು ಸಿಕ್ಕಿಹಾಕಿಕೊಳ್ಳುವುದು, ಒಸಡಿನಿಂದ ಕಚ್ಚಿ ಹಿಡಿಯುವುದು, ಬಾಯಿ ಬಿಟ್ಟು ಅಳುವುದು ಈ ರಭಸದಿಂದಲೇ. ಮಗು ಚೀಪತೊಡಗಿ ಹಾಲು ಇಳಿದೊಡನೆ ಮಗುವನ್ನು ಬಿಡಿಸಿ, ಕಲೆಕ್ಟರ್ ಇಟ್ಟು, ರಭಸ ತಗ್ಗುವ ತನಕ ಮಾತ್ರ, ಒಂದೆರಡು ನಿಮಿಷ ಹಿಡಿದು ತೆಗೆಯಬೇಕು. 15–20 ಮಿ.ಲೀ. ಆದರೆ ಸಾಕು. ಆಮೇಲೆ ತಾಯಿ ಹಿಂದಕ್ಕೆ ಒರಗಿ, ಮಗುವನ್ನು ಹೊಟ್ಟೆಯ ಮೇಲೆ ಕವುಚಿ ಹಾಕಿಕೊಂಡು ಕುಡಿಸಿದರೆ ಹಾಲು ಮೇಲ್ಮುಖವಾಗಿ ಹರಿಯಬೇಕಾದ್ದರಿಂದ ವೇಗ ಇನ್ನಷ್ಟು ತಗ್ಗುತ್ತದೆ. ಒಂದೆರಡು ವಾರದಲ್ಲಿ ಈ ಎರಡು ನಿಮಿಷವನ್ನೂ ಇಳಿಸುತ್ತಾ ಬಿಡಬೇಕು. ಅಲ್ಲಿಯವರೆಗೂ ಇನ್ನೊಂದು ಕಡೆಗೆ ಮಡಚಿದ ಹತ್ತಿ ಬಟ್ಟೆಯೇ ಒಳ್ಳೆಯದು.

ಅಂಟಿಸುವ ಕ್ರಮದಲ್ಲೇ ಹೆಚ್ಚಿನವರು ಎಡವುತ್ತಾರೆ. ಅಂಚನ್ನು ಹೊರಕ್ಕೆ ಮಡಚಿ, ಬೆಚ್ಚನೆ ನೀರಿನಲ್ಲಿ ಒದ್ದೆ ಮಾಡಿ, ಕೆಳಗಿನ ಉಬ್ಬನ್ನು ಅದುಮಿ ಹಿಡಿದು, ತೊಟ್ಟು ಕೊಳವೆಯ ನಡುಮಧ್ಯಕ್ಕೆ ಬರುವಂತೆ ಇಟ್ಟು, ಅಂಚು ಬಿಡಿಸಿ, ಆಮೇಲೆ ಉಬ್ಬನ್ನು ಬಿಡಬೇಕು. ಪೂರ್ತಿ ಅದುಮಿದಷ್ಟೂ ಎಳೆತ ಜಾಸ್ತಿ. ಹಾಲು ಹೆಚ್ಚಿರುವವರು ಅರ್ಧ ಅದುಮಿದರೆ ಸಾಕು. ತೊಟ್ಟು ಪಕ್ಕಕ್ಕೆ ಉಜ್ಜಿದರೆ ಊದಿ ಕೆಂಪಾಗುತ್ತದೆ. 60 ಮಿ.ಲೀ. ದಾಟಿದರೆ ಭಾರಕ್ಕೆ ಜಾರುತ್ತದೆ, ಮಗುವಿನ ಒಂದು ಒದೆತಕ್ಕೆ ಮಗುಚಿಬೀಳುತ್ತದೆ. ಮೈ ಮೆತ್ತಗಿರುವುದರಿಂದ ಗೆರೆಯ ಅಳತೆಯನ್ನೂ ನಂಬುವಂತಿಲ್ಲ.

ಕಲೆಕ್ಟರ್ ಒಂದರಿಂದಲೇ ಹಾಲು ಹದಕ್ಕೆ ಬರುವುದಿಲ್ಲ. ಅದಕ್ಕೆ ಇರುವುದು ಬ್ಲಾಕ್ ಫೀಡಿಂಗ್: ಮೂರು ಗಂಟೆಯ ಅವಧಿಯಲ್ಲಿ ಮಗು ಎಷ್ಟು ಸಲ ಕೇಳಿದರೂ ಒಂದೇ ಎದೆ, ಮುಂದಿನ ಮೂರು ಗಂಟೆ ಇನ್ನೊಂದು. ಒಂದೇ ಕಡೆ ಪೂರ್ತಿ ಕುಡಿದಾಗ ಕೊನೆಯ ಕೊಬ್ಬಿನ ಹಾಲೂ ಸಿಗುತ್ತದೆ. ಬರೀ ಮೊದಲ ತೆಳು ಹಾಲಿನಿಂದ ಆಗುವ ಹಸಿರು ನೊರೆಮಲ, ಹೊಟ್ಟೆಯುಬ್ಬರ ಇಳಿಯುತ್ತದೆ. ಬಿಡುವಿನ ಎದೆ ತಡೆಯಲಾರದಷ್ಟು ಬಿಗಿದರೆ ಕಲೆಕ್ಟರಿನಿಂದ ನೋವು ಸಡಿಲವಾಗುವಷ್ಟು ಮಾತ್ರ ತೆಗೆಯಬೇಕು. ಹೆರಿಗೆಯಾಗಿ ನಾಲ್ಕರಿಂದ ಆರು ವಾರ ಕಳೆಯುವ ಮೊದಲು ಬ್ಲಾಕ್ ಫೀಡಿಂಗ್ ಶುರು ಮಾಡಬಾರದು, ಏಕೆಂದರೆ ಹಾಲಿನ ಪ್ರಮಾಣ ಇನ್ನೂ ನೆಲೆಗೊಂಡಿರುವುದಿಲ್ಲ. ವೈದ್ಯರು ಅಥವಾ ಸ್ತನ್ಯಪಾನ ಸಲಹೆಗಾರರ ಗಮನದಲ್ಲಿರಲಿ. ದಿನಕ್ಕೆ ಆರು ಒದ್ದೆ ನ್ಯಾಪಿಗಿಂತ ಕಡಿಮೆಯಾದರೆ, ತೂಕ ಏರದಿದ್ದರೆ ನಿಲ್ಲಿಸಬೇಕು. ಇದೇ ಹೊತ್ತಿನಲ್ಲಿ ಹಾಲು ಹೆಚ್ಚಲೆಂದು ಮನೆಯವರು ಕೊಡುವ ಮೆಂತ್ಯದ ಕಷಾಯ, ಶತಾವರಿ ಪುಡಿಗೆ ಬಿಡುವು ಕೊಡುವುದು ಮರೆಯಬೇಡಿ.

ಎದೆಯಲ್ಲಿ ಗಡ್ಡೆ ಕಟ್ಟಿದಾಗ ಕಲೆಕ್ಟರ್ ಹಾಕಿ ಪೂರ್ತಿ ಬಸಿಯುವುದೂ, ಬಾಣಂತನದ ಎಣ್ಣೆಸ್ನಾನದಲ್ಲಿ ಗಡ್ಡೆಯನ್ನು ಬಲವಾಗಿ ನೀವುವುದೂ ಎರಡೂ ತಪ್ಪು. ಒಳಗಿನ ಊತ ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಬೇಕು, ಮಗುವಿಗೆ ಎಂದಿನಂತೆ ಕುಡಿಸಬೇಕು. ಜ್ವರ, ಕೆಂಪು, ಮೈಕೈ ನೋವು 24 ಗಂಟೆಯಲ್ಲಿ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು.

ಬಾಳಿಕೆ ಚೆನ್ನಾಗಿದೆ. ಬಿಸಿನೀರು, ವಾಸನೆಯಿಲ್ಲದ ಸೋಪು, ಆಮೇಲೆ ಐದು ನಿಮಿಷ ಕುದಿಸುವುದು. ಪರಿಮಳದ ಸೋಪಿನ ವಾಸನೆ ಸಿಲಿಕೋನಿಗೆ ಹತ್ತಿದರೆ ಬಿಡುವುದೇ ಇಲ್ಲ. ಬೋರ್‌ವೆಲ್ ನೀರಿನಲ್ಲಿ ಕುದಿಸಿದರೆ ಬಿಳಿ ಪೊರೆ ಕಟ್ಟುತ್ತದೆ. ಆರ್‌ಒ ಫಿಲ್ಟರಿನ ನೀರು ಬಳಸಿದರೆ ಆ ತಾಪತ್ರಯವಿಲ್ಲ. ಕಟ್ಟಿದ ಪೊರೆ ನೀರು ಬೆರೆಸಿದ ವಿನೆಗರಿಗೆ ಹೋಗುತ್ತದೆ. ಗಟ್ಟಿ ಬ್ರಷ್ ಬೇಡ. ಅಂಚಿನಲ್ಲಿ ಸೀಳು ಕಂಡ ದಿನ ಎಸೆಯಿರಿ.

ತೆಗೆದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ, ಫ್ರೀಜರಿನಲ್ಲಿ ಆರು ತಿಂಗಳು ಚೆನ್ನಾಗಿರುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲಿನಲ್ಲಿ ನಾಲ್ಕು ಗಂಟೆಯ ಲೆಕ್ಕ ನಡೆಯದು, ತೆಗೆದ ಕೂಡಲೇ ಫ್ರಿಜ್ಜಿಗೆ ಇಡಬೇಕು. ಹೊಸ ಹಾಲನ್ನು ತಣ್ಣಗಾಗಿಸಿಯೇ ಹಳೆಯದಕ್ಕೆ ಸೇರಿಸಬೇಕು. ಫ್ರಿಜ್ಜಿನಲ್ಲಿಟ್ಟು ಕರಗಿಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಈಗಾಗಲೇ ಫ್ರೀಜರ್ ತುಂಬಿದ್ದರೆ ಎದೆಹಾಲಿನ ಬ್ಯಾಂಕಿಗೆ ಕೊಡಬಹುದು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಒಂದಿದೆ. ಬ್ಯಾಂಕುಗಳು ತಾಯಿಯ ರಕ್ತಪರೀಕ್ಷೆ ಮಾಡಿಸಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಕೊಡುತ್ತವೆ. ಕೊಡುವ ಯೋಚನೆ ಇದ್ದರೆ ಕಲೆಕ್ಟರ್ ಮುಟ್ಟುವ ಮೊದಲೇ ಬ್ಯಾಂಕಿಗೆ ಫೋನ್ ಮಾಡಿ, ಹಾಲನ್ನು ಹೇಗೆ ತೆಗೆಯಬೇಕು, ಯಾವ ಪಾತ್ರೆಯಲ್ಲಿ ತರಬೇಕು ಎಂದು ಕೇಳಿಕೊಳ್ಳಿ.